ತಪ್ಪಿನ ಪ್ರಮಾಣ ಸೊನ್ನೆ

ಪೇಟೆಯ ಅಂಗಡಿಯವರ ಪಾಲಿಗೆ ಅವನು ಸಾಕ್ಷಾತ್ ಯಮ. ತೂಕ ಪರಿಶೀಲಕ ಕಂದು ಪೆಟ್ಟಿಗೆ ಹಿಡಿದು ಬೀದಿಯ ಆ ತುದಿಯಲ್ಲಿ ಕಾಣಿಸಿದನೆಂದರೆ, ಈ ತುದಿಯ ತರಕಾರಿಯವನಿಗೆ ಬೆಳಗಿನ ಹತ್ತು ಗಂಟೆಗೇ ಮಧ್ಯಾಹ್ನದ ಊಟದ ನೆನಪಾಗಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಪೆಟ್ಟಿಗೆಯೊಳಗೆ ಮೆತ್ತನೆಯ ಹಾಸಿನ ಮೇಲೆ ಹಿತ್ತಾಳೆಯ ಬಟ್ಟುಗಳು ಸಾಲಾಗಿ ಮಲಗಿರುತ್ತಿದ್ದವು, ಐದು ಕಿಲೋದ ಹಿರಿಯಣ್ಣನಿಂದ ಹಿಡಿದು ಒಂದು ಗ್ರಾಮಿನ ಕೂಸಿನವರೆಗೆ. ಇಪ್ಪತ್ತೆರಡು ವರ್ಷದಿಂದ ಅವನು ಹೊತ್ತು ತಿರುಗಿದ್ದು ಆ ಸಂಸಾರವನ್ನೇ. ಬೇರೆ ಸಂಸಾರ ಕಟ್ಟಿಕೊಳ್ಳಲು ಪುರುಸೊತ್ತಾಗಲಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದ. ಕೇಳುವವರೂ ಈಗೀಗ ಕಡಿಮೆ.

ಮೋಸವನ್ನು ಅವನು ಮುಳ್ಳು ನೋಡಿಯೇ ಹಿಡಿಯುತ್ತಿದ್ದ. ನಿಯತ್ತಿನ ತಕ್ಕಡಿಯ ಮುಳ್ಳು ನಾಲ್ಕು ಸಲ ಅತ್ತಿತ್ತ ಓಲಾಡಿ, ಅನುಮಾನಿಸಿ, ಆಮೇಲೆ ನಿಲ್ಲುತ್ತದೆ. ಬಟ್ಟು ಇಟ್ಟ ಕೂಡಲೇ ಕವಾಯತಿನ ಪೊಲೀಸಿನವನಂತೆ ನೆಟ್ಟಗೆ ನಿಂತಿತೋ, ಅಡಿಯಲ್ಲಿ ಏನೋ ಕಟ್ಟಿದ್ದಾರೆಂದೇ ಅರ್ಥ. ನೀವು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂದು ಅವನು ಮುದ್ರೆ ಒತ್ತುವಾಗ ಗುಡುಗುತ್ತಿದ್ದ.

ಇಂಥ ಮಹಾವೀರ ಸಂಜೆ ಆರಕ್ಕೆ ಮೂರನೇ ಮಹಡಿಯ ಒಂಟಿ ಕೋಣೆಗೆ ಬಂದು, ಬೂಟು ಕಳಚಿ, ಕಂಪ್ಯೂಟರ್ ಹಚ್ಚಿ, ಬೆಸ್ತನಾಗುತ್ತಿದ್ದ. ಆನ್‌ಲೈನ್‌ನಲ್ಲಿ ಸಾವಿರಾರು ಜನ ಆಡುವ ಮೀನು ಹಿಡಿಯುವ ಆಟ ಅದು. ನದಿಯ ಒಂದು ತಿರುವಿನಲ್ಲಿ ಹನ್ನೆರಡು ಸ್ಟೂಲುಗಳ ಒಂದು ಸಂಘವಿತ್ತು. ಸಂಘಕ್ಕೆ ಒಂದೇ ಕಾನೂನು: ಸತತ ಮೂರು ದಿನ ಬಾರದವರ ಸ್ಟೂಲು ಕಾಯುತ್ತಿರುವವರ ಪಾಲು. ಅಲ್ಲಿ ಅವನ ಹೆಸರು ಬಟ್ಟು. ಪಕ್ಕದ ಸ್ಟೂಲಿನವಳು ಕೆಂಪುಟೋಪಿ. ನಾಲ್ಕು ವರ್ಷ ಅಕ್ಕಪಕ್ಕ ಕೂತು ಗಾಳ ಹಾಕಿದ್ದರು. ಅವಳ ಊರು, ಮುಖ, ನಿಜವಾದ ಹೆಸರು ಅವನಿಗೆ ಗೊತ್ತಿರಲಿಲ್ಲ. ಅವಳು ಹಾಸಿಗೆ ಹಿಡಿದ ಅಕ್ಕನನ್ನು ನೋಡಿಕೊಳ್ಳುತ್ತಾಳೆಂಬುದು, ಅಡುಗೆಮನೆಯ ನಲ್ಲಿ ಸೋರುತ್ತದೆಂಬುದು, ಆ ನಲ್ಲಿಯ ಜೊತೆ ಅವಳು ಜಗಳವಾಡುತ್ತಾಳೆಂಬುದು ಗೊತ್ತಿತ್ತು. ದಿನವೂ ಅವನನ್ನು 'ಊಟ ಆಯ್ತಾ' ಎಂದು ಕೇಳುವ ಮನುಷ್ಯಪ್ರಾಣಿ ಲೋಕದಲ್ಲಿ ಅವಳೊಬ್ಬಳೇ. ಮೀನು ಹಿಡಿಯುವುದರಲ್ಲಿ ಮಾತ್ರ ಅವನು ಶುದ್ಧ ದಂಡಪಿಂಡ. ಗಾಳದ ಬೆಂಡು ಮುಳುಗಿದ್ದು ಕಣ್ಣಿಗೆ ಕಂಡು, ಕೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಮೀನು ಮನೆ ಸೇರಿರುತ್ತಿತ್ತು.

ಆ ವರ್ಷ ಕಚೇರಿಯವರು ಅವನನ್ನು ಹತ್ತು ದಿನ ದೂರದ ಸಂತೆಗಳಿಗೆ ಮುದ್ರೆ ಒತ್ತಲು ಕಳಿಸಿದರು. ಹತ್ತು ದಿನವೂ ಅಲ್ಲಲ್ಲೇ ತಂಗಬೇಕು, ಸಂಜೆ ಸಂಘಕ್ಕೆ ಬರಲಾಗದು. ಸ್ಟೂಲು ಹೋಗುತ್ತದೆ. ಸ್ಟೂಲು ಹೋದರೆ ಪಕ್ಕದ ಸ್ಟೂಲೂ ಹೋದಂತೆ. ಹುಡುಕಿ ಹುಡುಕಿ, ಆಟಕ್ಕೆ ಹೊರಗಿನಿಂದ ಜೋಡಿಸುವ ಒಂದು ಪ್ರೋಗ್ರಾಮು ತಂದ. ಬೆಂಡು ಮುಳುಗಿದರೆ ಅದೇ ಎಳೆಯುತ್ತದೆ. ಯಾರಾದರೂ ಮಾತಾಡಿಸಿದರೆ 'ಹೂಂ', 'ಹೌದೌದು', 'ಒಳ್ಳೇದಾಯ್ತು' ಎಂದು ಸರದಿಯ ಮೇಲೆ ಅದೇ ಹೇಳುತ್ತದೆ. ಬ್ರಹ್ಮನಿಗೂ ಪತ್ತೆಯಾಗದು ಎಂದು ಮಾರುವವರು ಬರೆದಿದ್ದರು.

ಹಾಕಿಕೊಳ್ಳುವಾಗ ಅದು ಒಂದು ಪ್ರಶ್ನೆ ಕೇಳಿತು: ತಪ್ಪಿನ ಪ್ರಮಾಣ ಎಷ್ಟಿರಲಿ? ಮನುಷ್ಯರಂತೆ ಕಾಣಬೇಕಾದರೆ ನೂರಕ್ಕೆ ನಲವತ್ತಾದರೂ ಇಡಿ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅಲ್ಲಿಯವರೆಗೆ ಓದುವ ವ್ಯವಧಾನ ಯಾರಿಗಿದೆ? ತಪಾಸಣೆಯ ವರದಿಯ ಅಂಥ ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಹೆಮ್ಮೆಯಿಂದ ತುಂಬುತ್ತಿದ್ದುದು ಒಂದೇ ಅಂಕಿ. ಕೈ ತಾನಾಗಿಯೇ ಸೊನ್ನೆ ಒತ್ತಿತು. ಬೇಲಿಯೇ ಎದ್ದು ಹೊಲ ಮೇಯುವುದು ಲೋಕರೂಢಿ; ಆದರೆ ಇಷ್ಟು ಅಚ್ಚುಕಟ್ಟಾಗಿ, ಒಂದು ಗರಿಯನ್ನೂ ಬಿಡದೆ ಮೇಯ್ದ ಬೇಲಿ ಇನ್ನೊಂದಿರಲಿಕ್ಕಿಲ್ಲ.

ಹನ್ನೊಂದನೇ ದಿನ ಬಂದು ಕೂತರೆ ನದಿ ಇರಲಿಲ್ಲ. ನಿಮ್ಮ ಐಡಿಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂಬ ಬೋರ್ಡು ಇತ್ತು. ಕಂಪನಿಯವರ ಪತ್ರ ವಿವರವಾಗಿತ್ತು: ಹತ್ತು ದಿನಗಳಲ್ಲಿ ಸಾವಿರದ ಒಂಬೈನೂರ ಹನ್ನೆರಡು ಮೀನು, ಪ್ರತಿಯೊಂದನ್ನೂ ಬೆಂಡು ಮುಳುಗಿದ ಅರ್ಧ ಸೆಕೆಂಡಿಗೆ ಸರಿಯಾಗಿ ಎಳೆಯಲಾಗಿದೆ, ಒಂದೂ ತಪ್ಪಿಲ್ಲ, ಮನುಷ್ಯರು ಹೀಗೆ ಮೀನು ಹಿಡಿಯುವುದಿಲ್ಲ. ಓಲಾಡದ ಮುಳ್ಳು! ಅವನಿಗೆ ನಗು ಬಂತು. ನಕ್ಕಾದ ಮೇಲೆ ಕೋಣೆ ಇನ್ನಷ್ಟು ಸದ್ದಿಲ್ಲದಾಯಿತು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುಮಾಡಿ ಎರಡು ಪುಟದ ಮನವಿ ಬರೆದ. ಸಾಧ್ಯವಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಅಂಗಡಿಯವರಿಗೆ ಅವನು ಬರೆಯುತ್ತಿದ್ದುದೂ ಅದೇ ಸಾಲು.

ಭಾನುವಾರ ಫೋನು ಮಾಡಿದ ತಂಗಿಗೆ ಬಾಯಿತಪ್ಪಿ ಹೇಳಿದ.

"ಆಟ ತಾನೆ ಅಣ್ಣಾ, ಹೋದ್ರೆ ಹೋಯ್ತು ಬಿಡು. ಇನ್ನೊಂದು ಆಡು," ಅಂದಳು ಅವಳು.

"ಹೂಂ," ಅಂದ.

ಹೊಸ ಐಡಿ ಮಾಡಿಕೊಂಡ. ಹೊಸಬರಿಗೆ ಆಟದವರು ಕೊಡುವುದು ಹರಕು ಅಂಗಿ ಮತ್ತು ಒಂದು ಬಿದಿರು ಕೋಲು. ಆ ವೇಷದಲ್ಲಿ ನದಿಯ ತಿರುವು ಮುಟ್ಟಲು ಮೂರು ಸಂಜೆ ಹಿಡಿಯಿತು. ಅವನ ಸ್ಟೂಲಿನ ಮೇಲೆ ಬೇರೆ ಯಾರೋ ಇದ್ದರು. ಕೆಂಪುಟೋಪಿಯ ಮಗ್ಗುಲಲ್ಲಿ ನೆಲದ ಮೇಲೆ ಕೂತು ಗಾಳ ಎಸೆದ. ಒಂದು ಮೀನು ತಪ್ಪಿತು. ಇನ್ನೊಂದೂ ತಪ್ಪಿತು. ಅವಳೇ ಮಾತಾಡಿಸಿದಳು.

"ಹೊಸಬರಾ? ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೇಗ ಮೇಲೆ ಬರೋಕೆ ಆ ಪ್ರೋಗ್ರಾಮು ಈ ಪ್ರೋಗ್ರಾಮು ಹಾಕ್ಕೋಬೇಡಿ. ಇಲ್ಲೊಬ್ರು ಹಾಗೇ ಹೋದ್ರು."

"ಹೇಗೆ ಸಿಕ್ಕಿಬಿದ್ರು?"

"ಕಂಪನಿಯವ್ರಿಗೆ ಹತ್ತು ದಿನ ಬೇಕಾಯ್ತು. ನಂಗೆ ಮೊದಲ್ನೇ ಸಂಜೆನೇ ಅನುಮಾನ. ಹತ್ತಕ್ಕೆ ಆರು ಮೀನು ಬಿಡೋ ಮನುಷ್ಯ, ಅವತ್ತು ಒಂದೂ ಬಿಡ್ಲಿಲ್ಲ. ಕಲಿತಿರ್ಬೇಕು, ಪಾಪ, ಅಂದ್ಕೊಂಡೆ. ಆರನೇ ದಿನ ನಮ್ಮಕ್ಕ ತೀರಿಕೊಂಡ್ಲು. ಅವ್ರಿಗೆ ಹೇಳಿದೆ."

ಅವನು ಬರೆದ: "ಏನಂದ್ರು?"

"ಒಳ್ಳೇದಾಯ್ತು ಅಂದ್ರು."

ಅವನ ಬೆಂಡು ಮುಳುಗಿ ಎದ್ದಿತು. ಗೊತ್ತಿಲ್ಲದವನಂತೆ ಇದ್ದುಬಿಟ್ಟರೆ ನಾಳೆಯೂ ಅವಳು ಮಾತಾಡಿಸುತ್ತಾಳೆ, ನಾಡಿದ್ದು ಊಟ ಆಯ್ತಾ ಎಂದೂ ಕೇಳಿಯಾಳು. ಕಡಿಮೆ ತೂಗಿ ಸಿಕ್ಕಿಬಿದ್ದ ಎಷ್ಟೋ ಅಂಗಡಿಯವರು ಹೀಗೆಯೇ ಏನೂ ಅರಿಯದವರಂತೆ ಮುಖ ಮಾಡಿದ್ದನ್ನು ಅವನು ನೋಡಿದ್ದ. ಮೂರು ಸಲ ಬರೆದು ಅಳಿಸಿ, ನಾಲ್ಕನೇ ಸಲ ಕಳಿಸಿದ.

"ನಾನೇ ಬಟ್ಟು. ಅವತ್ತು ನಾನಿರ್ಲಿಲ್ಲ ಅಕ್ಕಾ."

ಅವಳ ಬೆಂಡೂ ಮುಳುಗಿತು. ಎಂದೂ ತಪ್ಪದ ಅವಳ ಕೈ ಎಳೆಯಲಿಲ್ಲ.

"ಇರ್ಲಿಲ್ಲ ಅಂತ ಗೊತ್ತು," ಎಂದು ಬಂತು. "ಇರ್ಲಿಲ್ಲ ಅನ್ನೋದೇ ನನ್ನ ದೂರು."

ನಾಲ್ಕು ವರ್ಷ ತಪ್ಪದೆ ಹೇಳುತ್ತಿದ್ದ 'ಬರ್ತೀನಿ' ಹೇಳದೆ ಕೆಂಪು ಟೋಪಿ ಮಾಯವಾಯಿತು.

ಮಾರನೇ ದಿನ ಆರಕ್ಕೆ ಅವನು ಬಂದ. ಅವಳು ತನ್ನ ಸ್ಟೂಲನ್ನು ತಾನಾಗಿಯೇ ಕಾಯುತ್ತಿದ್ದವರಿಗೆ ಬಿಟ್ಟುಕೊಟ್ಟಿದ್ದಳು. ಅವಳು ಎದುರು ದಡದಲ್ಲಿ ನೆಲದ ಮೇಲೆ ಕೂತಿದ್ದಳು. ಆ ಆಟದಲ್ಲಿ ಮಾತು ನದಿ ದಾಟುವುದಿಲ್ಲ. ದಾಟಿ ಹೋಗಲು ಸೇತುವೆಯಿದೆ, ಅವನು ಹೋಗಲಿಲ್ಲ. ಕರೆಯದ ಮನೆಗೆ ಹೋಗುವುದು ಕಸುಬಿನಲ್ಲಿ ಸಾಕಷ್ಟಾಗಿತ್ತು. ಗಾಳ ಎಸೆದ. ಒಂದೊಂದಾಗಿ ನಾಲ್ಕು ಮೀನು ತಪ್ಪಿದವು. ನಾಲ್ಕನೆಯದಕ್ಕೆ ಆಚೆ ದಡದ ಟೋಪಿ ಇತ್ತ ತಿರುಗಿದಂತೆ ಕಂಡಿತು. ಅಷ್ಟು ದೂರದಿಂದ ಖಚಿತವಾಗಿ ಹೇಳುವಂತಿರಲಿಲ್ಲ.

ಅವನು ಮತ್ತೆ ಗಾಳ ಎಸೆದ. ಐದನೆಯದೂ ತಪ್ಪಿತು.