ದೊಡ್ಡಪ್ಪ ಬುಟ್ಟಿ ಎತ್ತಿದ ಮುಂಜಾನೆ

ಆಗೋದಿಲ್ಲ ಅಂದವನು ನನ್ನ ದೊಡ್ಡಪ್ಪ. ‘ಅಂದವರು’ ಅನ್ನುವ ಮರ್ಯಾದೆಯನ್ನು ಇಲ್ಲಿ ಕೊಡಲಾರೆ. ಮಳಗಿ ಊರಿನ ನಮ್ಮ ಅಂಗಳದಲ್ಲಿ, ಓಣಿಯ ಮಂದಿಯ ಎದುರಿಗೆ, ತಂಬಾಕು ಉಗುಳಿ ಅಂದ: “ಈಕಿ ಡಿಗ್ರಿ ಮಾಡೋದು, ನನ್ನ ಹುಂಜ ತತ್ತಿ ಇಡೋದು, ಎರಡೂ ಒಂದ!” ಎಲ್ಲರೂ ನಕ್ಕರು.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವನದೇ ಮಾತು. ಊರಲ್ಲಿ ಅವನು ಮೆರೆಯುತ್ತಿದ್ದದ್ದು ಅಸೀಲ ಕೋಳಿಗಳಿಂದ. ಆ ತಳಿ ನಮ್ಮ ಕಡೆ ಈಗ ಕಾಣುವುದೇ ಅಪರೂಪ. ಉದ್ದ ಕತ್ತು, ಕಲ್ಲಿನಂಥ ಮೈ. ಎರಡು ಹುಂಜ ಎದುರಾದರೆ ಒಂದು ಬೀಳುವ ತನಕ ಬಿಡುವುದಿಲ್ಲ. ಅದಕ್ಕೇ ಒಂದೊಂದನ್ನೂ ಬೇರೆ ಬುಟ್ಟಿಯಡಿ ಮುಚ್ಚಿಡುತ್ತೇವೆ. ಕಾದಾಟ ಹತ್ತಿದರೆ ದಿನಾ ಕಾಳು ಹಾಕುವ ಕೈಯೇ ಬಿಡಿಸಬೇಕು. ಬೇರೆ ಕೈ ಬಂದರೆ ಹರಿದುಹಾಕುತ್ತವೆ. ನಮ್ಮ ಮನೆಯಲ್ಲಿ ಆ ಕೈ ನನ್ನದು. ಹುಂಜ ಅವನವು, ಹೆಸರು ಅವನದು, ಹೇಲು ಬಳಿಯುವವಳು ನಾನು. ನಾನು ಓದಿ ಹೊರಬಿದ್ದರೆ ಅವನ್ನು ನೋಡುವವರಿಲ್ಲ. ಅವನ ಸಿಟ್ಟೆಲ್ಲ ಅದಕ್ಕೇ.

ಬಿ.ಎ. ಕೊನೆಯ ಪರೀಕ್ಷೆಯ ಮುಂಜಾನೆ ಮುಂಡಗೋಡದ ಬಸ್ಸಿಗೆಂದು ಚಪ್ಪಲಿ ಮೆಟ್ಟುತ್ತಿದ್ದೆ. ನನ್ನ ಮುಖ ನೋಡುತ್ತಲೇ ಅವನು ಕೆಂಪು, ಕರಿ ಎರಡೂ ಹುಂಜಗಳ ಮೇಲಿನ ಬುಟ್ಟಿ ಎತ್ತಿದ.

“ಹೋಗು ನೋಡೂಣು ಈಗ! ನೀನ ಸಾಕಿದ್ದು, ಸಾಯ್ತಾವ.”

ಕೆಂಪು ಹುಂಜ ಆಗಲೇ ಕರಿಯದರ ಕಣ್ಣಿಗೆ ಹಾರಿತ್ತು. ಮರಿಯಿದ್ದಾಗಿನಿಂದ ಎರಡಕ್ಕೂ ನುಚ್ಚು ನೆನೆಸಿ ಹಾಕಿದವಳು ನಾನು. ಇವಳು ಖಂಡಿತ ನಿಲ್ಲುತ್ತಾಳೆ ಅಂತ ಅವನು ತಿಳಿದಿದ್ದ.

“ನಿಮ್ಮ ಹುಂಜ, ನೀವ ಬಿಡಸ್ರಿ,” ಅಂದು ನಡೆದೆ. ರೆಕ್ಕೆ ಬಡಿತ, ಅವನ ಬೈಗುಳ ರಸ್ತೆಯ ತನಕ ಕೇಳಿಸಿದವು. ಪರೀಕ್ಷೆ ಬರೆದೆ.

ಸಂಜೆ ಬಂದಾಗ ಕರಿ ಹುಂಜ ಸತ್ತುಬಿದ್ದಿತ್ತು. ದೊಡ್ಡಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ನಾನು ಅತ್ತದ್ದು ಹುಂಜಕ್ಕೆ.

ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಾಲೇಜಿನಲ್ಲಿ ಪ್ರಮಾಣಪತ್ರ ಕೊಡುವ ದಿನ ನನ್ನ, ಅವ್ವನ ಜೊತೆ ದೊಡ್ಡಪ್ಪನೂ ಇಸ್ತ್ರಿ ಅಂಗಿ ತೊಟ್ಟು ಬಂದ. ನನ್ನ ಹೆಸರು ಕರೆದೊಡನೆ ನನ್ನನ್ನು ದಾಟಿ ಮುಂದೆ ಹೋಗಿ ಪ್ರಾಚಾರ್ಯರ ಎದುರು ಕೈ ಚಾಚಿದ.

“ಮನಿ ಹಿರ್ಯಾ ನಾನರೀ, ನಾನ ಓದಿಸೀನಿ. ಇಲ್ಲೆ ಕೊಡ್ರಿ.”

ಪ್ರಾಚಾರ್ಯರು ಅವನನ್ನೂ ನನ್ನನ್ನೂ ನೋಡುತ್ತ ನಿಂತರು. ಅವನೆದುರು ಎಂದೂ ತಲೆಯೆತ್ತಿ ಮಾತಾಡದ ನನ್ನವ್ವ ನಡುವೆ ಬಂದಳು. ಪ್ರಾಚಾರ್ಯರಿಂದ ಪತ್ರ ಇಸಿದುಕೊಂಡು ನನ್ನ ಕೈಗಿಟ್ಟಳು.

“ಆಚೆ ಸರೀರಿ, ಭಾವಾರ,” ಅಂದಳು. “ಪರೀಕ್ಷಾ ಬರದಾಕಿ ಈಕಿ.”