ಅಪ್ಪ ಕೂರಿಸಿದ ಗ್ಯಾಸ್ಕೆಟ್

ಯಾರ ಮನೆಗೆ ಹೋದರೂ ಹಾಲು ಹೆಚ್ಚಾದ ಕಾಫಿ ಕೊಟ್ಟರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಕಾಫಿಯ ತಪ್ಪೇನೂ ಇಲ್ಲ. ಎಂಜಿನ್ ಆಯಿಲ್‌ಗೆ ನೀರು ಸೇರಿದರೆ ಅದೂ ಥೇಟ್ ಇದೇ ಬಣ್ಣಕ್ಕೆ ತಿರುಗುತ್ತದೆ, ಅಷ್ಟೆ. ಇದನ್ನೆಲ್ಲ ಹೇಳಿದರೆ ಮನೆಯಾಕೆ ಮುಖ ಸಣ್ಣ ಮಾಡಿಕೊಂಡಾಳೆಂದು, ಈಗಷ್ಟೇ ಕುಡಿದು ಬಂದೆ ಎಂದು ಸಬೂಬು ಹೇಳಿ ಲೋಟ ಪಕ್ಕಕ್ಕಿಡುತ್ತೇನೆ.

ನನ್ನ ತವರು ತಮಿಳು ಸೀಮೆಯ ಸೋಮನೂರಿನ ನೇಯ್ಗೆಯ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈ ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಸ್ಪ್ಯಾನರ್ ಹಿಡಿಯುವುದನ್ನು ಅದಕ್ಕೂ ಮೊದಲೇ ಕಲಿತಿದ್ದೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಅಪ್ಪ ಯಾರ ಮಾತೂ ಕೇಳದೆ ಒಂದು ಹಳೆಯ ಕಾರು ತಂದು ಪವರ್‌ಲೂಮ್ ಶೆಡ್ಡಿನ ಮುಂದೆ ನಿಲ್ಲಿಸಿದ್ದರು. ಮಗ್ಗಗಳನ್ನು ತಮಿಳಿನಲ್ಲಿ ಬೈಯುತ್ತಿದ್ದವರು ಕಾರನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದರು. ಕಾರು ಮನೆಯವರಲ್ಲೊಬ್ಬರು ಎಂಬ ಲೆಕ್ಕ.

ಕಾರು ತಂದದ್ದೇ ಅಮ್ಮನಿಗಾಗಿ. ಮಂಡಿನೋವಿನಿಂದ ಅಮ್ಮ ಬಸ್ಸು ಹತ್ತಲಾರಳು. ಸಿಂಗಾನಲ್ಲೂರಿನಲ್ಲಿದ್ದ ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮನನ್ನು, ನೋಡದೆಯೂ ಇರಲಾರಳು. ದೊಡ್ಡಪ್ಪ ಮಿಲ್ಲಿನಿಂದ ರಿಟೈರಾಗಿ, ಇಬ್ಬರೂ ಒಂದು ಭಾನುವಾರದ ಸಂಜೆಯ ರೈಲಿಗೆ ಮದ್ರಾಸಿನ ಮಗನ ಮನೆಗೆ ಹೊರಟುಬಿಡುವವರಿದ್ದರು. ಮತ್ತೆ ಬರುವ ಮಾತಿಲ್ಲ. ಹಿಂದಿನ ದಿನ ಶನಿವಾರ ಹೋಗಿ ನೋಡಿಬರುವುದೆಂದು ಅಮ್ಮ ಮುರುಕು ಕರಿದು ಡಬ್ಬಿ ತುಂಬಿಸಿದಳು. ಸರಿಯಾಗಿ ಆ ವಾರವೇ ಕಾರು ಬುಸಬುಸನೆ ಬಿಳಿ ಹೊಗೆ ಬಿಟ್ಟು ಕೂತಿತು.

ಪಕ್ಕದ ಮನೆಯವರು ದೃಷ್ಟಿ ತಾಗಿದೆ, ನಿಂಬೆಹಣ್ಣು ಕಟ್ಟಿ ಎಂದರು. ಅಪ್ಪ ಕಟ್ಟಿದರು, ಹೇಳಿದವರಿಗೆ ಬೇಜಾರಾಗಬಾರದಲ್ಲ! ಆಮೇಲೆ ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ನನ್ನಿಂದ ಎಂಜಿನ್ ಸ್ಟಾರ್ಟ್ ಮಾಡಿಸಿದರೆ, ಒಳಗಿನ ನೀರು ಗುಳುಗುಳು ಗುಳ್ಳೆಯೇಳತೊಡಗಿತು. ಆಯಿಲ್ ಕಡ್ಡಿ ಎಳೆದು ನೋಡಿದರೆ ಅದರ ತುಂಬ ಹಾಲು ಹೆಚ್ಚಾದ ಕಾಫಿ. "ಹೆಡ್ ಗ್ಯಾಸ್ಕೆಟ್ ಹೋಗ್ಬುಡ್ತು ಅಮ್ಮಿಣಿ" ಎಂದರು ಅಪ್ಪ. ಮುದ್ದಿನಿಂದ ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

ಎಂಜಿನ್ನಿನ ಒಡಲಿಗೂ ತಲೆಗೂ ನಡುವೆ ಕೂರುವ ಆ ತೆಳ್ಳನೆಯ ಹಾಳೆಯ ಬಗ್ಗೆ ನನಗೆ ಅಪಾರ ಗೌರವ. ಮೇಲಿನಿಂದಲೂ ಒತ್ತು, ಕೆಳಗಿನಿಂದಲೂ ಒತ್ತು. ಬೆಂಕಿ, ನೀರು, ಎಣ್ಣೆ ಮೂರನ್ನೂ ಒಂದೇ ಸೂರಿನಡಿ ಇಟ್ಟುಕೊಂಡು, ಒಂದರ ಸುದ್ದಿಗೆ ಇನ್ನೊಂದು ಹೋಗದಂತೆ ನಿಭಾಯಿಸಬೇಕು. ಕೂಡುಕುಟುಂಬದಲ್ಲಿ ನಡುವಿನ ಸೊಸೆಯಾಗಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾನು ಬಾಳಿದ್ದೇನೆ.

ಮೆಕ್ಯಾನಿಕ್‌ನನ್ನು ಕರೆಸಿ ಎಂದರೆ ಅಪ್ಪ ಕೇಳಬೇಕಲ್ಲ! ಮಗ್ಗ ಬಿಚ್ಚಿ ಕಟ್ಟುವವನಿಗೆ ಇದೇನು ಮಹಾ? ಶೆಡ್ಡಿನ ಮುಂದೆ ಗೋಣಿ ಹಾಸಿ ಹೆಡ್ ಬಿಚ್ಚಿದರು. ಅದನ್ನು ಬಸ್ಸಿನಲ್ಲಿ ಹೊತ್ತೊಯ್ದು ಮಟ್ಟಸ ಮಾಡಿಸಿ, ಗಾಂಧಿಪುರಂನಿಂದ ಹೊಸ ಗ್ಯಾಸ್ಕೆಟ್ ತಂದರು. ಹಳೆಯ ಆಯಿಲ್ ಚೆಲ್ಲಿ ಹೊಸದು ತುಂಬಿ, ಶುಕ್ರವಾರ ಸಂಜೆಗೆ ಎಲ್ಲ ಕೂರಿಸಿ ಸ್ಟಾರ್ಟ್ ಮಾಡಿದರೆ, ಹೆಡ್ಡಿನ ಒಂದು ಪಕ್ಕದಿಂದ ನೀರು ಜಿನುಗಿತು.

ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಒಳಗೆ ಹೋಗಿ ಮುರುಕಿನ ಡಬ್ಬಿ ತಂದು ಮುಚ್ಚಳ ತೆಗೆದು, "ತಿನ್ನಿ. ಇನ್ಯಾರಿಗೆ ಇದು" ಎಂದು ನಮ್ಮ ಮುಂದೆ ಇಟ್ಟಳು. ನನಗೆ ಅಳು ಬಂತು. ಅಪ್ಪ ಮುರುಕು ಮುಟ್ಟಲಿಲ್ಲ, ಮತ್ತೆ ಸ್ಪ್ಯಾನರ್ ಎತ್ತಿಕೊಂಡರು.

ಹೆಡ್ ಎತ್ತಿ ನೋಡಿದರೆ ಗ್ಯಾಸ್ಕೆಟ್ಟಿನ ಒಂದು ಕೊನೆ ಅಪ್ಪಚ್ಚಿಯಾಗಿದೆ, ಇನ್ನೊಂದು ಕೊನೆ ಅಂಗಡಿಯಿಂದ ತಂದ ಹಾಗೇ ಇದೆ. ಅಪ್ಪ ಹಣೆ ಚಚ್ಚಿಕೊಂಡರು. "ಥೂ, ಪಾವು ಪಿಣೆಯೋ ಹಂಗೆ ಟೈಟ್ ಮಾಡ್ಬುಟ್ಟೆನಲ್ಲ!" ಪಾವು ಎಂದರೆ ಹಾಸು, ಮಗ್ಗದ ಉದ್ದೆಳೆಗಳು. ಮಗ್ಗದಲ್ಲಿ ಹಾಸು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಹೊಸೆದು ಸೇರಿಸುತ್ತೇವೆ, ಅದೇ ಪಿಣೆಯುವುದು. ಈ ಅಂಚಿನಲ್ಲಿ ಹಿಡಿದರೆ ಆ ಅಂಚಿನವರೆಗೆ, ಒಂದು ಪೂರ್ತಿ ಮುಗಿಸಿಯೇ ಇನ್ನೊಂದು. ನಡುವೆ ಹಾರಿದರೆ ಎಳೆ ತಪ್ಪುತ್ತದೆ, ಬೈಗುಳ ತಪ್ಪುವುದಿಲ್ಲ. ಹುಟ್ಟಿದಾರಭ್ಯ ಪಳಗಿದ ಆ ಕೈ ಬೋಲ್ಟುಗಳನ್ನೂ ಹಾಗೇ ಸಾಲಾಗಿ ಬಿಗಿದಿತ್ತು. ಹೆಡ್ಡಿನ ನ್ಯಾಯವೇ ಬೇರೆ: ನಡುವಿನಿಂದ ಹೊರಟು ಅಂಚಿಗೆ, ಸುತ್ತು ಸುತ್ತಾಗಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ. ಮನೆ ನಡೆಸುವಾಗ ಅಪ್ಪನಿಗೆ ಈ ಕ್ರಮ ಚೆನ್ನಾಗಿಯೇ ಗೊತ್ತಿತ್ತು.

ಶನಿವಾರ ಬೆಳಗ್ಗೆ ಇನ್ನೊಂದು ಗ್ಯಾಸ್ಕೆಟ್ ತಂದು ಕೂರಿಸಿದರು. ಬೋಲ್ಟಿನಿಂದ ಬೋಲ್ಟಿಗೆ ಹೋಗುವಾಗ ಕೈ ಅಂಚಿನ ಕಡೆಗೇ ಜಾರುತ್ತಿತ್ತು. "ನಡುವಿಂದ, ಅಪ್ಪಾ" ಎಂದು ಎಚ್ಚರಿಸುವುದೇ ನನ್ನ ಕೆಲಸ. ಈ ಸಲ ನೀರು ಜಿನುಗಲಿಲ್ಲ, ಗುಳ್ಳೆ ಏಳಲಿಲ್ಲ. ಅಮ್ಮ ಸೀರೆ ಬದಲಿಸಿಕೊಂಡು ಓಡಿ ಬಂದಳು. ಮಂಡಿನೋವಿನ ಅಮ್ಮ, ಓಡಿ!

ಸಿಂಗಾನಲ್ಲೂರಿನ ಮನೆಯ ತುಂಬ ಗಂಟುಮೂಟೆ. ಅವುಗಳ ನಡುವೆಯೇ ಅಕ್ಕತಂಗಿಯರು ಕೈ ಹಿಡಿದುಕೊಂಡು ಕೂತರು. ಹೊತ್ತಿಳಿಯುತ್ತಿದ್ದಂತೆ ಅಮ್ಮ ಗಡಿಯಾರ ನೋಡತೊಡಗಿದಳು. ಅಪ್ಪ ಬಾನೆಟ್ ಎತ್ತಿ, ಎಲ್ಲರಿಗೂ ಕೇಳುವಂತೆ, "ಹೊಸ ಗ್ಯಾಸ್ಕೆಟ್ಟು. ಓಡಿದ್ಮೇಲೆ ಪೂರ್ತಿ ತಣ್ಣಗಾಗಿ ಇನ್ನೊಂದ್ಸಲ ಟೈಟ್ ಮಾಡ್ಬೇಕು. ಇವತ್ತು ಹೊರಡಕ್ಕಾಗಲ್ಲ" ಎಂದರು. ಮತ್ತೊಮ್ಮೆ ಬಿಗಿಯಬೇಕೆಂಬುದು ನಿಜವೇ. ಅದನ್ನು ಸೋಮನೂರಿಗೆ ಹೋಗಿ ಬಿಗಿದರೂ ಆಗುತ್ತಿತ್ತು ಎಂಬುದು ನನಗೂ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಅಡುಗೆಮನೆಯಿಂದ ಅಕ್ಕತಂಗಿಯರ ನಗು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅಮ್ಮ ಹೊರಗೆ ಬಂದು, ಉತ್ತರಕ್ಕೆ ಹೆದರಿದವಳಂತೆ ಕೇಳಿದಳು: "ಆಯ್ತಾ? ಹೊರಡನಾ?"

ಅಪ್ಪ ಎಂಜಿನ್ ಮೇಲೆ ಅಂಗೈಯಿಟ್ಟು ಫಕ್ಕನೆ ಹಿಂದಕ್ಕೆಳೆದರು. "ಅಬ್ಬ! ಇನ್ನೂ ಸೂಡಾಗೇ ಅದೆ. ಅವ್ರು ರೈಲು ಹತ್ತೋ ಹೊತ್ತಿಗೆ ತಣ್ಣಗಾದ್ರೆ ಹೆಚ್ಚು."

ಅಮ್ಮ ನನ್ನ ಮುಖ ನೋಡಿದಳು. ನಾನೂ ಕೈಯಿಟ್ಟೆ. ಕೊಡದ ನೀರಿನ ಹಾಗೆ ತಣ್ಣಗಿತ್ತು.

"ಹೌದಮ್ಮ, ಸುಡ್ತದೆ" ಎಂದೆ.