ನಿಂತ ಚಕ್ರದ ಸೋಬಾನೆ

ದೇವರನ್ನು ನಂಬುತ್ತೇನೆ, ದಿನಾ ಎರಡು ಹೊತ್ತು ದೀಪ ಹಚ್ಚುತ್ತೇನೆ. ಆದರೆ ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಹೊಟ್ಟೆ ತುಂಬ ಉಂಡು ಮಲಗಿ ಎಂದು ನಕ್ಕುಬಿಡುತ್ತಿದ್ದೆ. ಈಗ ಹಾಗೆ ನಗುವುದನ್ನು ಬಿಟ್ಟಿದ್ದೇನೆ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಚನ್ನಪಟ್ಟಣದ ನಮ್ಮ ಮನೆಯಲ್ಲಿ ನಡುಮನೆ ನನ್ನದಲ್ಲ. ನಮ್ಮ ಯಜಮಾನರು ಹಳೇ ರೇಡಿಯೋ, ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್ ತಂದು ಅಲ್ಲೇ ಬಿಚ್ಚಿ ರಿಪೇರಿ ಮಾಡುತ್ತಾರೆ. ಅದು ಅವರ ಖುಷಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಒಂದಿಷ್ಟು ಬೆಸುಗೆಯ ಹೊಗೆ ತಾನೇ ಎಂದು ನಾನೂ ದೇವರಿಗೆ ಕೈಮುಗಿದು ಸುಮ್ಮನಿದ್ದೇನೆ.

ನಾಲ್ಕು ವರ್ಷದ ಹಿಂದೆ ಹೊಂಗನೂರಿನಿಂದ ಪುಟ್ಟಮ್ಮ ಬಂದಳು. ನನ್ನ ಜೊತೆ ಓದಿದವಳು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹಳೇ ಸೀರೆಯಲ್ಲಿ ಸುತ್ತಿದ ಸ್ಪೂಲ್ ಟೇಪ್ ರೆಕಾರ್ಡರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅವಳ ಮದುವೆಯಲ್ಲಿ ಅವಳವ್ವ ಹಾಡಿದ ಸೋಬಾನೆ ಪದವನ್ನು ಸೋದರಮಾವ ಅದರಲ್ಲಿ ಹಿಡಿದಿಟ್ಟಿದ್ದರು. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಈಗ ಪುಟ್ಟಮ್ಮನ ಮಗಳಿಗೆ ಮದುವೆ.

"ಐದು ನುಡಿ ಪದ ಕಣೇ. ಮೂರು ಎಂಗೋ ಬತ್ತದೆ, ಆಮ್ಯಾಕಿಂದು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮಗಳ್ನ ಅರ್ಧ ಪದ ಹಾಡಿ ಕಳಿಸಕ್ಕಾಯ್ತದಾ?" ಎಂದಳು.

ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು. ಯಜಮಾನರು ಬೇರೆ ಹಾಕಿದರು. ಒಂದು ಗುಂಡಿ ಕಳೆದುಹೋಗಿತ್ತು, ಗೊಂಬೆ ಮಾಡುವವರ ಹತ್ತಿರ ಕೆಂಪು ಅರಗಿನದು ಮಾಡಿಸಿಕೊಂಡು ಬಂದರು. ಮಿಷನ್ನು ಸರಿಹೋಯಿತು. ಟೇಪಿನದೇ ಚಿಂತೆ.

"ಇದು ಒಂದೇ ಸಲ ಓಡೋದು ಪುಟ್ಟಮ್ಮ. ಓಡ್ದಂಗೆಲ್ಲ ಈ ಕಂದು ಪುಡಿ ಉದುರೋಯ್ತದೆ. ಪುಡಿ ಹೋದ್ರೆ ಹಾಡೂ ಹೋಯ್ತು" ಎಂದರು. ಅದಕ್ಕೇ ಓಡುವಾಗಲೇ ನನ್ನ ಫೋನಿನಲ್ಲಿ ಹಿಡಿದುಕೊಳ್ಳುವುದು ಎಂದು ಮಾತಾಯಿತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆಲ್ಲ ಸಿದ್ಧ. ತಡೆದವಳು ನಾನು. ಹನ್ನೆರಡರವರೆಗೆ ರಾಹುಕಾಲ.

"ನಿನ್ನ ರಾಹುಗೆ ಟೇಪ್ ರೆಕಾರ್ಡರ್ ಅಂದ್ರೆ ಏನಂತ ಗೊತ್ತೇನೇ?" ಎಂದು ಯಜಮಾನರು ರೇಗಿಸಿದರು.

"ಕಾಯನ ಬುಡಣ್ಣ, ಇಷ್ಟು ವರ್ಸ ಕಾದೀವಿ" ಎಂದು ಪುಟ್ಟಮ್ಮ ನನ್ನ ಕಡೆ ಸೇರಿದಳು.

ಹನ್ನೆರಡು ದಾಟಿದ ಮೇಲೆ ಮಿಷನ್ನಿಗೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಫೋನನ್ನು ಸ್ಪೀಕರ್ ಮುಂದಿಟ್ಟೆ. ಯಜಮಾನರು ಗುಂಡಿ ತಿರುಗಿಸಿದರು. ಚಕ್ರ ಸುತ್ತಿತು. ಹಿಂದೆ ಯಾವುದೋ ಮಗು ಅಳುತ್ತಿತ್ತು, ಅದರ ಮೇಲೆ ಒಬ್ಬ ಹೆಂಗಸಿನ ಗಟ್ಟಿ ದನಿ ಎದ್ದಿತು. ಪುಟ್ಟಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಯಜಮಾನರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು, ಎರಡು, ಮೂರು ನುಡಿ ಮುಗಿದವು. ನಾಲ್ಕನೆಯದರಲ್ಲಿ ಅವ್ವ ಮಗಳ ಮಡಿಲಿಗೆ ಅಕ್ಕಿ ಬೆಲ್ಲ ಹಾಕಿದಳು. ಐದನೆಯದರಲ್ಲಿ ಹೆಸರು ಹಿಡಿದು, ಪುಟ್ಟೀ, ಹೊಸಿಲು ದಾಟುವಾಗ ಅಳಬೇಡ ಎಂದಳು. ಪದ ಮುಗಿಯಿತು.

ಸೆಕೆಯಾಗಿ ಮೇಲೆ ನೋಡಿದೆ. ಫ್ಯಾನು ನಿಂತಿತ್ತು. ಮಿಷನ್ನಿನ ಕೆಂಪು ದೀಪ ಆರಿತ್ತು. ಚಕ್ರಗಳು ಅಲ್ಲಾಡುತ್ತಿರಲಿಲ್ಲ, ಎಡಗಡೆ ಚಕ್ರದಲ್ಲಿ ಟೇಪು ಇನ್ನೂ ಅರ್ಧ ಉಳಿದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಜಯಮ್ಮ ಕಾಂಪೌಂಡಿನಾಚೆಯಿಂದ ಕೂಗಿದರು. "ಕರೆಂಟಿಲ್ದೆ ಎಂಗ್ರೀ ಪದ ಹಾಕೀರಾ? ನಮ್ಮನೇಲಿ ಮಿಕ್ಸಿ ನಿಂತು ಐದು ನಿಮಿಷ ಆಯ್ತು, ಚಟ್ನಿ ಅರ್ಧಕ್ಕೇ ಕುಂತೈತೆ!"

ನಮ್ಮ ಮನೆಯಲ್ಲಿ ಇನ್ವರ್ಟರ್ ಇಲ್ಲ. ಕಂಡೆನ್ಸರಿನಲ್ಲಿ ಒಸಿ ಕರೆಂಟು ಉಳಿದಿರುತ್ತದೆ ಎಂದು ಯಜಮಾನರು ಶುರು ಮಾಡಿದರು. "ಎರಡು ನುಡಿಗಾಗುವಷ್ಟಾ?" ಎಂದೆ. ಅವರು ಗೋಡೆಯ ಪ್ಲಗ್ಗು ಕಿತ್ತು, ಮತ್ತೆ ಸಿಕ್ಕಿಸಿ, ಆರಿದ ದೀಪವನ್ನು ಬಗ್ಗಿ ನೋಡಿದರು.

ಮರೆತುಹೋದೀತೆಂದು ಕೊನೆಯ ಎರಡು ನುಡಿಯನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ನಾನು ತಪ್ಪಿದ ಕಡೆ ಪುಟ್ಟಮ್ಮ ಹೇಳಿದಳು, ಅವಳು ತಡವರಿಸಿದ ಕಡೆ ನಾನು. ಸಂಜೆ ಕರೆಂಟು ಬಂದಾಗ ಉಳಿದ ಟೇಪನ್ನು ಓಡಿಸಿದೆವು. ಬರೀ ಸೊರ್ ಎನ್ನುವ ಸದ್ದು. ಅಲ್ಲಿಯ ಪುಡಿ ಯಾವತ್ತೋ ಉದುರಿಹೋಗಿದೆ ಎಂದರು ಯಜಮಾನರು. ರಾಹುಕಾಲವೆಂದು ತಡೆಯದಿದ್ದರೆ ಕರೆಂಟಿರುವಾಗಲೇ ಟೇಪು ಪೂರ್ತಿ ಓಡುತ್ತಿತ್ತಲ್ಲ ಎಂದು ಮಧ್ಯಾಹ್ನದಿಂದ ಒಳಗೊಳಗೇ ಬೇಯುತ್ತಿದ್ದೆ, ಟೇಪೇ ಖಾಲಿ ಎಂದಮೇಲೆ ಆ ಪಾಪವಾದರೂ ತಪ್ಪಿತು.

ಮದುವೆಯಲ್ಲಿ ಐದು ನುಡಿಯನ್ನೂ ಹಾಡಿದೆವು. ಹುಡುಗಿ ಅಳದೆ ಹೊಸಿಲು ದಾಟಿದಳು, ಅತ್ತವಳು ಪುಟ್ಟಮ್ಮ. ಯಜಮಾನರು ಈಗ ಯಾವ ರೇಡಿಯೋಗೆ ಜೀವ ಬಂದರೂ, ಗುಂಡಿ ತಿರುಗಿಸುವ ಮುಂಚೆ "ರಾಹುಕಾಲ ಎಷ್ಟೊತ್ತಿಗೇ?" ಎಂದು ಅಡುಗೆಮನೆಗೆ ಕೇಳುವ ಹಾಗೆ ಕೂಗುತ್ತಾರೆ.

ಆ ಫೋನನ್ನು ನಾನು ಬದಲಾಯಿಸಿಲ್ಲ. ಅದರಲ್ಲಿ ಮೂರು ನುಡಿ ಚೆನ್ನಾಗಿ ಕೇಳುತ್ತದೆ. ಆಮೇಲೆ ಹಾಡಿಲ್ಲ, ಹೊರಗಿನ ಕಾಗೆ, ಯಾವುದೋ ಮನೆಯ ಕುಕ್ಕರಿನ ಕೂಗು. ಬಹಳ ಹೊತ್ತು ಹಾಗೇ ಹೋಗಿ, ಕೊನೆಗೆ ಪುಟ್ಟಮ್ಮನ ದನಿ ಒಂದೇ ಒಂದು ಸಲ ಬರುತ್ತದೆ.

"ಊಂ ಅವ್ವಾ, ಅಳಲ್ಲ."